ಸಂಬಳವಿಲ್ಲದ ಐದು ವರ್ಷಗಳು

ಮನೆಯ ಯಜಮಾನನು ಕಾಲವಾದ ಮೇಲೆ ಉಳಿದ ಅಲ್ಪಸ್ವಲ್ಪ ಹಣವನ್ನು ಎಲ್ಲಿ ತೊಡಗಿಸಬೇಕೆಂಬ ಚಿಂತೆಯು ಎಲ್ಲ ದೇಶಗಳ ಗೃಹಿಣಿಯರಿಗೂ ಒಂದೇ. ನ್ಯೂಯಾರ್ಕ್ ನಗರದ ಡೊರೊಥಿ ಗ್ರಾಸ್‌ಬಾಮ್ ಎಂಬಾಕೆಗೆ ಇದು 1903ರಲ್ಲಿ ಒದಗಿತು. ಪಿಂಗಾಣಿ ವ್ಯಾಪಾರಿಯಾಗಿದ್ದ ಪತಿಯು ಮೂವರು ಗಂಡುಮಕ್ಕಳನ್ನು ಬಿಟ್ಟು ಗತಿಸಿದ್ದನು. ಆಕೆಯು ಸಾಲದ ಆಧಾರದ ಮೇಲೆ ಉಕ್ಕಿನ ಕಂಪೆನಿಯ ಕೆಲವು ಷೇರುಗಳನ್ನು ಕೊಂಡಳು; 1907ರ ಹಣದ ಮುಗ್ಗಟ್ಟಿನಲ್ಲಿ ಅದೂ ಹೋಯಿತು. ಆಕೆಯ ಚೆಕ್ಕಿಗೆ ಐದು ಡಾಲರುಗಳನ್ನು ಕೊಡಬಹುದೇ ಎಂದು ಬ್ಯಾಂಕಿನ ನೌಕರನು ವಿಚಾರಿಸಿದ ಮಾತನ್ನು, ಚೆಕ್ಕು ತಂದಿದ್ದ ಮಗನು ಎಂದಿಗೂ ಮರೆಯಲಿಲ್ಲ. ಆ ಬಾಲಕನೇ ಬೆಂಜಮಿನ್ ಗ್ರಹಾಂ.

ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ 1914ರಲ್ಲಿ ಪದವೀಧರನಾಗಿ, ವಾಲ್ ಸ್ಟ್ರೀಟಿನಲ್ಲಿ ಪಳಗಿ, 1926ರಲ್ಲಿ ಆತನು ಸ್ನೇಹಿತರಿಂದ ಸುಮಾರು ನಾಲ್ಕೂವರೆ ಲಕ್ಷ ಡಾಲರುಗಳನ್ನು ಕೂಡಿಸಿ ಒಂದು ಜಂಟಿ ಖಾತೆಯನ್ನು ತೆರೆದನು. ಜೆರೋಮ್ ನ್ಯೂಮನ್ ಬೇಗನೆ ಬಂದು ಸೇರಿದನು. ಗ್ರಹಾಮನದು ಲೆಕ್ಕದ ಕಣ್ಣು. ನ್ಯೂಮನ್ನನದು ವ್ಯವಹಾರದ ಬಿಗಿ. ಇಂದು ಹೆಡ್ಜ್ ಫಂಡ್ ಎಂದು ಕರೆಯುವ ಸಂಸ್ಥೆಗಳಿಗೆ ಇದು ಪೂರ್ವಜನೆನ್ನಬಹುದು.

ಅವರು ಹುಡುಕಿದ್ದು ಯಾರೂ ಲಕ್ಷಿಸದ ಸಣ್ಣ ಕಂಪೆನಿಗಳನ್ನು. ಕೈಯಲ್ಲಿರುವ ನಗದು, ಸರಕು, ಬರಬೇಕಾದ ಬಾಕಿ, ಇಷ್ಟನ್ನೇ ಕೂಡಿಸಿ ಎಲ್ಲ ಸಾಲಗಳನ್ನೂ ಕಳೆಯುವುದು. ಕಟ್ಟಡ ಯಂತ್ರಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು. ಉಳಿದ ಮೊತ್ತದ ಮೂರರಲ್ಲಿ ಎರಡು ಪಾಲಿಗಿಂತ ಕಡಮೆ ಬೆಲೆಗೆ ಷೇರು ಸಿಕ್ಕಿದರೆ ಕೊಳ್ಳುವುದು. ಹದಿನೈದು ರೂಪಾಯಿಗಳಿರುವ ಪೆಟ್ಟಿಗೆಯನ್ನು ಹತ್ತಕ್ಕೆ ಕೊಂಡಂತೆ, ಪೆಟ್ಟಿಗೆ ಪುಕ್ಕಟೆ. ನಾರ್ದರ್ನ್ ಪೈಪ್‌ಲೈನ್ ಎಂಬ ಎಣ್ಣೆ ಸಾಗಿಸುವ ಕಂಪೆನಿಯ ಷೇರು 65 ಡಾಲರಿಗೆ ಮಾರುತ್ತಿದ್ದಿತು. ಷೇರೊಂದಕ್ಕೆ 95 ಡಾಲರುಗಳಷ್ಟು ಸಾಲಪತ್ರಗಳು ಅದರ ತಿಜೋರಿಯಲ್ಲಿದ್ದುವೆಂಬುದನ್ನು ಗ್ರಹಾಂ ಸರಕಾರಿ ಕಡತಗಳಲ್ಲಿ ಕಂಡುಕೊಂಡನು. 1927ರ ಸಭೆಯಲ್ಲಿ ಆತನ ಸೂಚನೆಯನ್ನು ಅನುಮೋದಿಸುವವರೇ ಇರಲಿಲ್ಲ. ಮರುವರ್ಷ ಷೇರುದಾರರ ಅಧಿಕಾರಪತ್ರಗಳನ್ನು ಕಲೆಹಾಕಿಕೊಂಡು ಹೋಗಿ, ಆಡಳಿತ ಮಂಡಳಿಯಲ್ಲಿ ಎರಡು ಸ್ಥಾನಗಳನ್ನು ಗೆದ್ದನು. ಕೊನೆಗೆ ಷೇರೊಂದಕ್ಕೆ 70 ಡಾಲರುಗಳು ಹಂಚಿಕೆಯಾದುವು.

1929ರ ಆರಂಭಕ್ಕೆ ಖಾತೆಯು 25 ಲಕ್ಷ ಡಾಲರುಗಳಿಗೆ ಬೆಳೆದಿತ್ತು. ಆದರೆ ತಾಯಿಯನ್ನು ಮುಳುಗಿಸಿದ ಸಾಲದ ಖರೀದಿಗೆ ಮಗನೂ ಕೈಹಾಕಿದ್ದನು! ಕುಸಿತವು ಮುಗಿಯಿತೆಂದು ನಂಬಿದ 1930ರಲ್ಲಿಯೇ ಅರ್ಧದಷ್ಟು ಕರಗಿತು. 1932ರ ಹೊತ್ತಿಗೆ ನೂರಕ್ಕೆ ಎಪ್ಪತ್ತು ಹೋಗಿದ್ದಿತು.

ಪಾಲುಗಾರರೊಡನೆ ಆದ ಕರಾರಿನಲ್ಲಿ, ಲಾಭ ಬಂದರೆ ಇವರಿಬ್ಬರಿಗೂ ದೊಡ್ಡ ಪಾಲು ಸಲ್ಲುತ್ತಿದ್ದಿತು. ನಷ್ಟವಾದರೆ ಅದು ಪೂರ್ತಿ ತುಂಬುವವರೆಗೆ ಒಂದು ಕಾಸೂ ಇಲ್ಲ. ಹಳೆಯ ಖಾತೆಯನ್ನು ಮುಚ್ಚಿ ಹೊಸ ಹೆಸರಿನಲ್ಲಿ ಅಂಗಡಿ ತೆರೆಯುವುದು ಇಂಥ ಹೊತ್ತಿನಲ್ಲಿ ಸುಲಭೋಪಾಯ. ಇಂದಿಗೂ ಹಾಗೆ ಮಾಡುವವರುಂಟು. ಇವರು ಹಾಗೆ ಮಾಡಲಿಲ್ಲ. ನ್ಯೂಮನ್ನನ ಮಾವನು ಹಣವನ್ನು ಕೊಟ್ಟು ಖಾತೆಯನ್ನು ಉಳಿಸಿದನು. ಗ್ರಹಾಮನ ಸಂಸಾರವು ವೈಭವದ ಬಾಡಿಗೆಮನೆಯಿಂದ ಸಣ್ಣ ಮನೆಗೆ ಇಳಿಯಿತು. ಆತನು ಕಾಲೇಜಿನಲ್ಲಿ ಪಾಠ ಹೇಳುತ್ತ, ಡೇವಿಡ್ ಡಾಡ್‌ನೊಡನೆ ಷೇರುಗಳ ಪರೀಕ್ಷೆಯನ್ನು ಕುರಿತ ಮಹಾಗ್ರಂಥವನ್ನು ಬರೆದು 1934ರಲ್ಲಿ ಪ್ರಕಟಿಸಿದನು.

ಐದು ವರ್ಷಗಳ ಸಂಬಳವಿಲ್ಲದ ದುಡಿಮೆಯ ತರುವಾಯ, 1935ರ ಕೊನೆಗೆ, ಬಿಟ್ಟುಹೋಗದೆ ನಿಂತವರ ನಷ್ಟವೆಲ್ಲವೂ ತುಂಬಿತು. 1936ರ ಜನವರಿಯಲ್ಲಿ ಖಾತೆಯು ಗ್ರಹಾಂ-ನ್ಯೂಮನ್ ಕಾರ್ಪೊರೇಷನ್ ಎಂಬ ಹೆಸರನ್ನು ತಳೆದು, 1956ರವರೆಗೆ ನಡೆಯಿತು.