ಮಲೆನಾಡಿನ ಮಳೆಗಾಲ ಮತ್ತು ಕಾರಿನ ಒಳಾಂಗಣ: ಹೊದಿಕೆಗಿಂತ ಮೊದಲು ತೇವದ ಲೆಕ್ಕ

ಪಾರ್ಚ್‌ಮೆಂಟ್ ಕಾಫಿಯ ತೇವಾಂಶವು ಶೇ. 10ರ ಆಸುಪಾಸಿಗೆ ಇಳಿಯುವ ಮೊದಲೇ ಅದನ್ನು ಚೀಲಕ್ಕೆ ತುಂಬಿದರೆ ಏನಾಗುವುದೆಂಬುದನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಬೆಳೆಗಾರರಿಗಾಗಲಿ ವರ್ತಕರಿಗಾಗಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಚೆನ್ನಾಗಿ ಒಣಗಿದ ಬೀಜವೂ ಮುಂಗಾರಿನ ಗಾಳಿಗೆ ತೇವ ಹೀರಿ ಊದಿಕೊಂಡು ಬಣ್ಣಗೆಡುತ್ತದೆ. ಆ ಗುಣವನ್ನೇ ಬಂಡವಾಳವಾಗಿಸಿಕೊಂಡು ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳು ‘ಮಾನ್ಸೂನ್ಡ್’ ಕಾಫಿಯನ್ನು ಸಿದ್ಧಪಡಿಸಿ ರಫ್ತು ಮಾಡುತ್ತ ಬಂದಿವೆ. ಆದರೆ ಅದೇ ಗಾಳಿ ಅಂಗಳದಲ್ಲಿ ನಿಂತಿರುವ ಕಾರಿನ ಆಸನಗಳನ್ನೂ ‘ಮಾನ್ಸೂನ್ಡ್’ ಮಾಡುತ್ತಿದೆ ಎಂಬುದರ ಕಡೆಗೆ ಗಮನ ಹರಿಸುವವರು ವಿರಳ. ಲಕ್ಷಾಂತರ ರೂಪಾಯಿ ತೆತ್ತು ಕೊಂಡ ವಾಹನವು ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಮುಗ್ಗಲು ವಾಸನೆ ಹಿಡಿದು, ಮಾರುವಾಗ ಬೆಲೆ ಕಳೆದುಕೊಳ್ಳುವುದು ಈ ಭಾಗದಲ್ಲಿ ಅಪರೂಪವೇನಲ್ಲ.

ಕಾರಿನ ಒಳಾಂಗಣ ರಕ್ಷಣೆಯ ಬಗ್ಗೆ ಪ್ರಚಲಿತವಿರುವ ಸಲಹೆಗಳಲ್ಲಿ ಹೆಚ್ಚಿನವು ಬಿಸಿಲುಸೀಮೆಯನ್ನು ಗಮನದಲ್ಲಿರಿಸಿಕೊಂಡವು. ಗಾಜಿಗೆ ಪರದೆ, ಡ್ಯಾಶ್‌ಬೋರ್ಡಿಗೆ ಪಾಲಿಶ್, ಆಸನಕ್ಕೆ ದಪ್ಪನೆಯ ರೆಕ್ಸಿನ್. ಬಯಲುಸೀಮೆಯಲ್ಲಿ ಇವು ಯುಕ್ತವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಸುರಿಯುವ ಕೊಟ್ಟಿಗೆಹಾರ, ಕಳಸ, ಕುದುರೆಮುಖಗಳ ಸೀಮೆಯಲ್ಲಿ ಶತ್ರು ಬೇರೆ. ನೆನೆದ ಕೊಡೆ, ಒದ್ದೆ ಬಟ್ಟೆ, ಕೆಸರು ಮೆತ್ತಿದ ಗಂಬೂಟುಗಳೊಡನೆ ನೀರು ಒಳಸೇರುತ್ತದೆ. ಗಾಜು ಏರಿಸಿದ ವಾಹನದಿಂದ ಅದು ಹೊರಹೋಗುವ ದಾರಿಯಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 70ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ಚೆನ್ನಾಗಿ ನೆನೆದ ಕಾರ್ಪೆಟ್ಟಿನಲ್ಲಿ ಒಂದೆರಡು ದಿನಗಳಲ್ಲೇ ಅದು ತಲೆಯೆತ್ತಬಹುದು. ಅದಕ್ಕೆ ಆಹಾರವಾಗಿ ಧೂಳು, ಬೆವರು, ತಿಂಡಿಯ ಚೂರುಗಳಿದ್ದರೆ ಸಾಕು. ಕೊಯ್ಲಿನ ಕಾಲದಲ್ಲಿ ಹಣ್ಣಿನ ಚೀಲಗಳನ್ನು ಹಿಂಬದಿಯ ಆಸನದಲ್ಲೇ ಸಾಗಿಸುವವರು ಕಾಫಿಹಣ್ಣಿನ ಸಿಹಿ ಲೋಳೆಯನ್ನೂ ಅದಕ್ಕೆ ಉಣಬಡಿಸಿರುತ್ತಾರೆ.

ರೆಕ್ಸಿನ್ ಹೊದಿಕೆಯ ಇತಿಮಿತಿ

ರೆಕ್ಸಿನ್ ನೀರನ್ನು ತಡೆಯುತ್ತದೆ ಎಂಬುದು ನಿಜ. ಆದರೆ ಅದರ ಹೊಲಿಗೆಯ ರಂಧ್ರಗಳಿಂದಲೂ, ಬೆನ್ನು ಮತ್ತು ಕುಳಿತುಕೊಳ್ಳುವ ಭಾಗಗಳು ಕೂಡುವ ಸಂದಿನಿಂದಲೂ ಇಳಿದ ನೀರು ಕೆಳಗಿನ ಫೋಮನ್ನು ಸೇರಿದರೆ, ಅದನ್ನು ಆರಗೊಡದಿರುವುದೂ ಅದೇ ರೆಕ್ಸಿನ್. ಫೋಮು ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತದೆ. ಅಗ್ಗದ ಮಾಲಿನ ಹಿಂಬದಿಯಲ್ಲಿ ಹತ್ತಿಯ ಬಟ್ಟೆಯಿದ್ದರಂತೂ ಮೇಲ್ಮೈ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗೆ ಬಟ್ಟೆ ಕೊಳೆಯತೊಡಗಿರುತ್ತದೆ. ಹೊಸ ಕಾರಿನ ಆಸನಕ್ಕೆ ಕಾರ್ಖಾನೆಯಲ್ಲಿ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ವರ್ಷಗಟ್ಟಲೆ ತೆಗೆಯದೆ ಜೋಪಾನ ಮಾಡುವವರ ಸ್ಥಿತಿಯೂ ಇದೇ. ಅವರು ಕಾಪಾಡುತ್ತಿರುವುದು ಆಸನವನ್ನಲ್ಲ, ತೇವವನ್ನು.

ಆದ್ದರಿಂದ ಈ ಭಾಗದ ಗ್ರಾಹಕನಿಗೆ ಒಪ್ಪುವ ಹೊದಿಕೆಯ ಲಕ್ಷಣಗಳು ಬೇರೆ. ಹಿಂಬದಿಗೆ ತೇವ ಹೀರದ ಪಾಲಿಯೆಸ್ಟರ್ ಬಟ್ಟೆ, ನಡುಭಾಗಕ್ಕೆ ಗಾಳಿಯಾಡುವ ಸಣ್ಣ ರಂಧ್ರಗಳ ಹಾಳೆ ಅಥವಾ ಜಾಲರಿ ಬಟ್ಟೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಜಿಪ್ ಇಲ್ಲವೆ ಕೊಕ್ಕೆಗಳಿಂದ ಸುಲಭವಾಗಿ ಬಿಚ್ಚಿ ತೆಗೆಯುವ ಅನುಕೂಲ. ದುಬಾರಿ ಹೊದಿಕೆ ಒಂದಕ್ಕಿಂತ ಒಗೆದು ಒಣಗಿಸಬಹುದಾದ ಸಾಧಾರಣ ಬಟ್ಟೆಯ ಎರಡು ಜೊತೆಗಳೇ ಮಳೆಗಾಲಕ್ಕೆ ಮೇಲು. ಸಿದ್ಧ ಮಾಲನ್ನು ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಿಗಿಂತ ಸ್ಥಳೀಯ ಕುಶನ್ ಕೆಲಸಗಾರರಿಗೆ ಇಲ್ಲಿ ಹೆಚ್ಚಿನ ಅವಕಾಶವಿದೆ ಎನ್ನಬಹುದು.

ನೆಲಕ್ಕೆ ಹಾಸುವ ಮ್ಯಾಟ್‌ಗಳ ವಿಷಯದಲ್ಲೂ ಇದೇ ಮಾತು. ಅಂಚಿನವರೆಗೆ ಮುಚ್ಚುವ ‘7ಡಿ’ ಮ್ಯಾಟ್‌ಗಳು ನೋಡಲು ಚೆಂದ, ಆದರೆ ಅವುಗಳ ಅಡಿಯಲ್ಲಿ ಕಾರ್ಪೆಟ್ಟು ನೆನೆದರೆ ತಿಳಿಯುವುದೇ ಇಲ್ಲ. ಕೆಲಕಾಲದ ಬಳಿಕ ನೆಲದ ತಗಡಿಗೆ ತುಕ್ಕು ಹಿಡಿಯುವವರೆಗೂ ಇದು ಮುಂದುವರಿಯಬಹುದು. ಅಂಚೆತ್ತರದ ರಬ್ಬರ್ ತಟ್ಟೆಗಳಾದರೆ ಸಂಜೆ ಎತ್ತಿ ನೀರು ಚೆಲ್ಲಿದರಾಯಿತು.

ಬಾಗಿಲಿನಿಂದಷ್ಟೇ ನೀರು ಬರುತ್ತದೆಂದು ತಿಳಿಯಬಾರದು. ತೋಟದ ನೆರಳಿನಲ್ಲಿ ನಿಲ್ಲಿಸಿದ ವಾಹನದ ಮೇಲೆ ಸಿಲ್ವರ್ ಓಕ್ ಮರದ ತರಗೆಲೆಗಳು ಉದುರಿ ವೈಪರಿನ ಕೆಳಗಿನ ಕಾಲುವೆಯನ್ನು ಕಟ್ಟುತ್ತವೆ. ನೀರು ಹರಿದುಹೋಗಲು ದಾರಿ ಕಾಣದೆ ಒಳಕ್ಕೆ ಇಳಿಯಬಹುದು. ಏಸಿಯ ನೀರು ಹೊರಬೀಳುವ ಕೊಳವೆ ಕಟ್ಟಿದರೂ ಮುಂದಿನ ಆಸನದ ಕಾಲಬಳಿ ಕಾರ್ಪೆಟ್ಟು ಒದ್ದೆಯಾಗುತ್ತದೆ. ಸನ್‌ರೂಫ್ ಉಳ್ಳ ಕಾರುಗಳಲ್ಲಿ ಅದರ ಮೂಲೆಯ ಕೊಳವೆಗಳನ್ನೂ ನೋಡಬೇಕು. ಈ ಸೋರಿಕೆಗಳನ್ನು ಸರಿಪಡಿಸದೆ ಸುಗಂಧದ ಡಬ್ಬಿ ಇಡುವುದು ವ್ಯರ್ಥ ಖರ್ಚು.

ಪ್ರಾಣಕ್ಕೆ ಸಂಬಂಧಿಸಿದ ಹೊಲಿಗೆ

ಹೊದಿಕೆ ತಯಾರಿಸುವವರು ಮತ್ತು ಮಾರುವವರು ವಿಶೇಷ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ದೇಶದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಮುಂದಿನ ಪ್ರಯಾಣಿಕನದು 2021ರಲ್ಲಿ. ಆರು ಏರ್‌ಬ್ಯಾಗ್‌ಗಳನ್ನು ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಕೇಂದ್ರ ಸರ್ಕಾರವು 2023ರಲ್ಲಿ ಕೈಬಿಟ್ಟಿತಾದರೂ ಹಲವು ತಯಾರಕರು ಸ್ವತಃ ಅವನ್ನು ಅಳವಡಿಸುತ್ತಿದ್ದಾರೆ. ಇವುಗಳಲ್ಲಿ ಪಾರ್ಶ್ವದ ಏರ್‌ಬ್ಯಾಗ್ ಸಾಮಾನ್ಯವಾಗಿ ಅಡಗಿರುವುದು ಮುಂದಿನ ಆಸನದ ಬೆನ್ನಿನ ಹೊರ ಅಂಚಿನಲ್ಲಿ. ಡಿಕ್ಕಿಯಾದ ಕ್ಷಣಾರ್ಧದಲ್ಲಿ ಅದು ಹೊಲಿಗೆಯನ್ನು ಸೀಳಿಕೊಂಡು ಹೊರಬರಬೇಕು. ಅದರ ಮೇಲೆ ಗಟ್ಟಿ ನೂಲಿನಿಂದ ಹೊಲಿದ ದಪ್ಪ ರೆಕ್ಸಿನ್ ಇದ್ದರೆ ಅದು ತಡವಾಗಿ ಅಥವಾ ತಪ್ಪು ದಿಕ್ಕಿನಲ್ಲಿ ತೆರೆಯಬಹುದು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ದಿನವೂ ಓಡಾಡುವವರಿಗೆ ಇದು ಪುಸ್ತಕದ ಮಾತಲ್ಲ. ಅಂಥ ಕಾರುಗಳಿಗೆ ಆ ಭಾಗವನ್ನು ತೆರವು ಬಿಟ್ಟ, ಇಲ್ಲವೆ ಸುಲಭವಾಗಿ ಬಿಚ್ಚಿಕೊಳ್ಳುವ ಹೊಲಿಗೆಯುಳ್ಳ, ಆ ಮಾದರಿಗೆಂದೇ ಪರೀಕ್ಷಿಸಿದ ಹೊದಿಕೆಯನ್ನಷ್ಟೇ ಹಾಕಬೇಕು. ಆಸನದ ಬದಿಯಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿಯಿದೆಯೇ ಎಂದು ಅಳತೆ ತೆಗೆಯುವ ಮೊದಲೇ ನೋಡುವುದು ಅಂಗಡಿಯವರ ಹೊಣೆ. ಆಸನದಡಿಯ ತಂತಿಗಳನ್ನು ಎಳೆದಾಡಲೂ ಬಾರದು.

ಕಲೆಗಳು: ಊರಿಗೆ ತಕ್ಕ ಮದ್ದು

ಕೆಂಪುಮಣ್ಣಿನ ಕೆಸರನ್ನು ಹಸಿಯಾಗಿರುವಾಗ ಉಜ್ಜಿದರೆ ಅದು ಬಟ್ಟೆಯೊಳಕ್ಕೆ ಇಳಿಯುತ್ತದೆ. ಒಣಗಲು ಬಿಟ್ಟು, ಬ್ರಷ್ಷಿನಿಂದ ಉದುರಿಸಿ, ಆಮೇಲೆ ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ. ರಕ್ತದ ಕಲೆಯ ವಿಷಯ ಇದಕ್ಕೆ ವಿರುದ್ಧ. ಉಂಬಳ ಕಚ್ಚಿದ ಗಾಯದಿಂದ ರಕ್ತ ಬೇಗ ನಿಲ್ಲದಿರುವುದು ಚಾರಣಿಗರನ್ನು ಒಯ್ಯುವ ಜೀಪಿನವರಿಗೆ ಗೊತ್ತೇ ಇದೆ. ಆ ಕಲೆಯನ್ನು ಕೂಡಲೇ ತಣ್ಣೀರಿನಿಂದ ತೊಳೆಯಬೇಕು. ಬಿಸಿನೀರು ಹಾಕಿದರೆ ಅದು ಹೆಪ್ಪುಗಟ್ಟಿ ಬಟ್ಟೆಗೇ ಕಚ್ಚಿಕೊಳ್ಳುತ್ತದೆ. ಹಲಸಿನ ಮೇಣಕ್ಕೆ ಮನೆಯಲ್ಲಿ ಕೈಗೆ ಹಚ್ಚುವ ಕೊಬ್ಬರಿ ಎಣ್ಣೆಯೇ ಮದ್ದು, ಆದರೆ ಬಳಿಕ ಪಾತ್ರೆ ತೊಳೆಯುವ ಸಾಬೂನಿನಿಂದ ಎಣ್ಣೆಯನ್ನೂ ತೆಗೆಯಬೇಕು. ಹೊರನಾಡಿಗೆ ಯಾತ್ರಿಕರನ್ನು ಕರೆದೊಯ್ಯುವ ಟ್ಯಾಕ್ಸಿಗಳಲ್ಲಿ ಘಾಟಿಯ ಸುತ್ತು ತಾಳದವರ ವಾಂತಿಯ ವಾಸನೆಗೆ, ತೊಳೆದು ಒರೆಸಿದ ಜಾಗದ ಮೇಲೆ ಅಡುಗೆ ಸೋಡಾ ಉದುರಿಸಿ ಕೆಲವು ಗಂಟೆ ಬಿಟ್ಟು ಗುಡಿಸುವುದು ಪ್ರಯೋಜನಕಾರಿ.

ಬೂಷ್ಟನ್ನು ಒಣಬಟ್ಟೆಯಿಂದ ಕೊಡವಿದರೆ ಅದರ ಕಣಗಳು ಕಾರಿನ ತುಂಬ ಹರಡುತ್ತವೆ. ಬಾಗಿಲುಗಳನ್ನು ತೆರೆದಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಬೇಕು. ತೊಗಲಿನ ಆಸನಗಳಿಗೆ ಅದರದೇ ಕ್ಲೀನರ್ ಬಳಸುವುದು ಲೇಸು. ಸೀಟ್ ಬೆಲ್ಟಿನ ಪಟ್ಟಿಗೆ ಮಾತ್ರ ಸೌಮ್ಯ ಸಾಬೂನು ನೀರಿನ ಹೊರತು ಬೇರೇನೂ ತಾಗಕೂಡದು; ಬ್ಲೀಚಿಂಗ್ ದ್ರಾವಣ ಆ ನೂಲಿನ ಬಲವನ್ನೇ ಕುಂದಿಸೀತು.

ಒಣಗಿಸುವ ಅತ್ಯಂತ ಸುಲಭ ಸಾಧನ ಕಾರಿನಲ್ಲೇ ಇದೆ. ಏಸಿ ಗಾಳಿಯನ್ನು ತಣಿಸುವುದಷ್ಟೇ ಅಲ್ಲ, ಅದರ ತೇವವನ್ನೂ ನೀರಾಗಿಸಿ ಹೊರಹಾಕುತ್ತದೆ. ಚಳಿಯೆಂದು ಮಳೆಗಾಲದಲ್ಲಿ ಏಸಿಯನ್ನು ಮುಟ್ಟದಿರುವ ಬದಲು, ಹೀಟರಿನೊಡನೆ ಅದನ್ನೂ ಚಾಲೂ ಮಾಡಿದರೆ ಗಾಜಿನ ಮಂಜೂ ಹೋಗುತ್ತದೆ, ಆಸನವೂ ಆರುತ್ತದೆ. ವಾರಗಟ್ಟಲೆ ನಿಲ್ಲುವ ವಾಹನದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನಿರಿಸಿ, ಅವು ತುಂಬಿದಾಗ ಬಿಸಿಮಾಡಿ ಮತ್ತೆ ಬಳಸಬಹುದು.

ವಿಮೆಯಿಂದ ಈ ಹಾನಿ ತುಂಬಿಕೊಳ್ಳಬಹುದೆಂಬ ಭರವಸೆ ಬೇಡ. ಮೋಟಾರು ಪಾಲಿಸಿಗಳು ಬಳಕೆಯಿಂದಾಗುವ ಸವೆತವನ್ನು ಸ್ಪಷ್ಟವಾಗಿ ಹೊರಗಿರಿಸಿವೆ. ಹೋಮ್‌ಸ್ಟೇ ಅತಿಥಿಗಳನ್ನು ಸಾಗಿಸುವ ಟ್ಯಾಕ್ಸಿ ಮಾಲೀಕನಿಗೆ ವಾಸನೆ ಹಿಡಿದ ಆಸನವೆಂದರೆ ಮುಂದಿನ ಬಾಡಿಗೆಯ ನಷ್ಟ. ಹೀಗಾಗಿ ಕುಶನ್ ಅಂಗಡಿಗಳವರು ಹೊದಿಕೆ ಬಿಚ್ಚಿ, ಫೋಮ್ ಒಣಗಿಸಿ, ಕೊಳವೆ ಶುಚಿಮಾಡಿ ಮರಳಿ ಜೋಡಿಸುವ ಕೆಲಸಕ್ಕೆ ನಿಗದಿತ ದರವಿಟ್ಟು, ಮಳೆ ಕಾಲಿಡುವ ಮೊದಲು ಮೇ ತಿಂಗಳಲ್ಲೊಮ್ಮೆ ಹಾಗೂ ಮಳೆ ಇಳಿದ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಗ್ರಾಹಕರನ್ನು ಕರೆದರೆ, ಕೊಯ್ಲಿನ ಗಡಿಬಿಡಿ ಆರಂಭವಾಗುವ ಮುನ್ನವೇ ಎರಡೂ ಕಡೆಯವರ ಕೆಲಸ ಮುಗಿದಿರುತ್ತದೆ.