ಮೂತ್ರಪಿಂಡವೂ ಬರಸೀಮೆಯ ನೀರೂ

ಪ್ರಾಯಸ್ಥನಾದ ಮನುಷ್ಯನ ಎರಡು ಮೂತ್ರಪಿಂಡಗಳು ಹಗಲಿರುಳು ಕೂಡಿದ ಒಂದು ದಿನದಲ್ಲಿ ರಕ್ತದಿಂದ ಸೋಸಿ ತೆಗೆಯುವ ದ್ರವದ ಪ್ರಮಾಣ ಸುಮಾರು 180 ಲೀಟರು. ಅದೇ ದಿನದಲ್ಲಿ ಮೂತ್ರವಾಗಿ ದೇಹದಿಂದ ಹೊರಬೀಳುವುದಾದರೋ ಒಂದು ಅಥವಾ ಒಂದೂವರೆ ಲೀಟರು ಮಾತ್ರ. ಉಳಿದುದೆಲ್ಲವೂ, ಎಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು, ಎಲ್ಲಿಂದ ಬಂದಿತೋ ಆ ರಕ್ತಕ್ಕೇ ಮರಳುತ್ತದೆ. ಈ ಎರಡು ಸಂಖ್ಯೆಗಳ ನಡುವಣ ಅಂತರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡ ವಿದ್ಯಾರ್ಥಿಗೆ ಮೂತ್ರಪಿಂಡದ ಶಾಸ್ತ್ರವು ಅರ್ಧ ತಿಳಿದಂತೆಯೇ ಸರಿ. ಏಕೆಂದರೆ ಕಶ್ಮಲವನ್ನು ಹೊರಹಾಕುವ ಅಂಗವೆಂದು ಪಾಠಪುಸ್ತಕಗಳು ಪರಿಚಯಿಸುವ ಈ ಅಂಗದ ಶ್ರಮದ ಬಹುಭಾಗವು ಹೊರಹಾಕುವುದರಲ್ಲಿಲ್ಲ, ಉಳಿಸಿಕೊಳ್ಳುವುದರಲ್ಲಿದೆ.

ಉಳಿಸಿಕೊಳ್ಳುವ ಈ ವಿದ್ಯೆಯ ಬೆಲೆಯನ್ನು ಮರಾಠವಾಡೆಯ ಉಮರ್ಗಾ, ನಿಲಂಗಾ, ಉದಗೀರಗಳ ಜನರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಬೀದರ ಜಿಲ್ಲೆಯ ಅಂಗಗಳಾಗಿದ್ದವು. ಗಡಿ ಸರಿದ ಮೇಲೆಯೂ ಮನೆಯೊಳಗೆ ಕನ್ನಡವನ್ನೂ ಬಜಾರದಲ್ಲಿ ಮರಾಠಿಯನ್ನೂ ಆಡುವ ಕುಟುಂಬಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಮಾಂಜ್ರಾ ಮತ್ತು ತೇರಣಾ ನದಿಗಳು ಹರಿಯುವ ನೆಲವಾದರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಇದು ಘೋರವಾದ ಬರವನ್ನು ಕಂಡ ನೆಲ. ಮಾಂಜ್ರಾ ಜಲಾಶಯ ಬತ್ತಿಹೋದ 2016ರಲ್ಲಿ ಲಾತೂರು ಪಟ್ಟಣದ ಜನರಿಗೆ ಕುಡಿಯುವ ನೀರನ್ನು ಮಿರಜದಿಂದ ರೈಲಿನಲ್ಲಿ ತರಬೇಕಾಯಿತು. ‘ಜಲದೂತ’ವೆಂದು ಹೆಸರಾದ ಆ ರೈಲು ಏಪ್ರಿಲ್ 12ರಂದು ಹತ್ತು ಟ್ಯಾಂಕರು ಡಬ್ಬಿಗಳೊಡನೆ ಮೊದಲು ಬಂದಿತು, ಮುಂದೆ ಐವತ್ತು ಡಬ್ಬಿಗಳಲ್ಲಿ ಒಂದೊಂದು ಸಲಕ್ಕೆ 25 ಲಕ್ಷ ಲೀಟರಿನಷ್ಟು ನೀರನ್ನು ಹೊತ್ತು ತಂದಿತು. ಲೆಕ್ಕಹಾಕಿ ನೋಡಿದರೆ ಅಷ್ಟು ದೊಡ್ಡ ರೈಲಿನ ಒಟ್ಟು ನೀರು ಸುಮಾರು ಹದಿನಾಲ್ಕು ಸಾವಿರ ಜನರ ಮೂತ್ರಪಿಂಡಗಳು ಒಂದೇ ದಿನದಲ್ಲಿ ಸೋಸುವ ದ್ರವಕ್ಕೆ ಸಮ. ಸೋಸಿದುದು ಸೋಸಿದಂತೆಯೇ ಹೊರಗೆ ಹೋಗುವುದಾಗಿದ್ದರೆ ಯಾವ ನದಿಯೂ ಯಾವ ರೈಲೂ ಮನುಷ್ಯಕುಲದ ದಾಹವನ್ನು ತೀರಿಸಲಾರದು.

ಅಂಗದ ರಚನೆಯನ್ನು ಮೊದಲು ಸಂಕ್ಷೇಪವಾಗಿ ತಿಳಿಯೋಣ. ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಒಂದೊಂದು ಸುಮಾರು 11 ಸೆಂಟಿಮೀಟರು ಉದ್ದವೂ 150 ಗ್ರಾಮು ತೂಕವೂ ಉಳ್ಳ ಈ ಅಂಗಗಳಿವೆ. ಯಕೃತ್ತಿನ ಒತ್ತಿನಿಂದ ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ. ಸೀಳಿ ನೋಡಿದರೆ ಹೊರಗೆ ತೊಗಟೆ, ಒಳಗೆ ಮಜ್ಜೆ, ನಡುವೆ ಮೂತ್ರವು ಕೂಡುವ ಕುಹರ. ಎರಡೂ ಸೇರಿ ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲೂ ಆಗದ ಈ ಅಂಗಗಳಿಗೆ ಹೃದಯವು ತಾನು ನೂಕುವ ರಕ್ತದ ಐದನೆಯ ಒಂದು ಪಾಲನ್ನು, ನಿಮಿಷಕ್ಕೆ ಒಂದು ಲೀಟರಿಗಿಂತಲೂ ಹೆಚ್ಚಾಗಿ, ಕಳುಹಿಸುತ್ತದೆ. ಅದು ಅಂಗದ ಪೋಷಣೆಗಾಗಿ ಬಂದ ರಕ್ತವಲ್ಲ, ಬಹುಮಟ್ಟಿಗೆ ಶೋಧನೆಗಾಗಿ ಬಂದ ರಕ್ತ.

ಶೋಧನೆಯ ಘಟಕಕ್ಕೆ ನೆಫ್ರಾನ್ ಎಂದು ಹೆಸರು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನುಗಳಿರುತ್ತವೆ. ಇವೆಲ್ಲವೂ ಶಿಶುವು ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡು ಮುಗಿಯುತ್ತವೆ. ಹುಟ್ಟಿದ ಮೇಲೆ ಕಾಲಕ್ರಮದಲ್ಲಿ ಕಡಮೆಯಾಗುವುದಲ್ಲದೆ ಹೊಸದೊಂದು ನೆಫ್ರಾನ್ ಹುಟ್ಟುವುದಿಲ್ಲ. ಆದುದರಿಂದಲೇ ಗರ್ಭಿಣಿಯ ಆಹಾರ ಆರೋಗ್ಯಗಳ ವಿಷಯವು ಮಗುವಿನ ಮೂತ್ರಪಿಂಡದ ವಿಷಯವೂ ಆಗಿದೆಯೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು.

ನೆಫ್ರಾನಿನ ಆರಂಭದಲ್ಲಿ ಗ್ಲೊಮೆರುಲಸ್ ಎಂಬ ಲೋಮನಾಳಗಳ ಒಂದು ಗುಚ್ಛವಿದೆ. ಇಟಲಿಯ ಮಾಲ್ಪೀಗಿಯು 1666ರಲ್ಲಿ ಇವನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡು ವರ್ಣಿಸಿದನು; ಗುಚ್ಛವನ್ನು ಬಟ್ಟಲಿನಂತೆ ಸುತ್ತುವರಿದ ಸಂಪುಟವು ಮುಂದಿನ ನಾಳಿಕೆಯೊಡನೆ ಅವಿಚ್ಛಿನ್ನವಾಗಿ ಕೂಡಿಕೊಂಡಿದೆಯೆಂಬುದನ್ನು 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೋಮನ್ ಸ್ಥಾಪಿಸಿದನು. ಆದರೆ ಈ ಯಂತ್ರವು ಮಾಡುವುದೇನು ಎಂಬಲ್ಲಿ ವಿದ್ವಾಂಸರೊಳಗೆ ದೀರ್ಘಕಾಲದ ವಾದ ನಡೆಯಿತು. ಗುಚ್ಛದಿಂದ ಬರಿಯ ನೀರು ಇಳಿಯುತ್ತದೆ, ಕಶ್ಮಲಗಳನ್ನು ನಾಳಿಕೆಯ ಗೋಡೆಗಳೇ ಸ್ರವಿಸಿ ಆ ನೀರಿನಲ್ಲಿ ಕೂಡಿಸುತ್ತವೆ ಎಂಬುದು ಬೋಮನ್ನನ ಪಕ್ಷ. ರಕ್ತದ ಒತ್ತಡದಿಂದಲೇ ಪ್ರೋಟೀನು ರಹಿತವಾದ ದ್ರವವೆಲ್ಲ ಗುಚ್ಛದಲ್ಲಿ ಸೋಸಿ ಇಳಿಯುತ್ತದೆ, ಬಳಿಕ ನಾಳಿಕೆಯಲ್ಲಿ ಅದರ ಬಹುಭಾಗ ಹಿಂದಕ್ಕೆ ಹೀರಲ್ಪಡುತ್ತದೆ ಎಂಬುದು ಜರ್ಮನಿಯ ಕಾರ್ಲ್ ಲುಡ್ವಿಗ್ಗನ ಪಕ್ಷ.

ಎಂಬತ್ತು ವರ್ಷಗಳ ಈ ವಾದಕ್ಕೆ ನಿರ್ಣಯವನ್ನು ಕೊಟ್ಟುದು ಒಂದು ಕಪ್ಪೆ. 1924ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಲ್ಫ್ರೆಡ್ ರಿಚರ್ಡ್ಸ್ ಮತ್ತು ಜೋಸೆಫ್ ವರ್ನ್ ಎಂಬ ಇಬ್ಬರು ವಿಜ್ಞಾನಿಗಳು ಕೂದಲಿಗಿಂತಲೂ ಸೂಕ್ಷ್ಮವಾದ ಗಾಜಿನ ನಳಿಕೆಯನ್ನು ಬದುಕಿರುವ ಕಪ್ಪೆಯ ಬೋಮನ್ ಸಂಪುಟದೊಳಕ್ಕೆ ಚುಚ್ಚಿ, ಅಲ್ಲಿ ಆಗತಾನೆ ಸೋಸಿ ಇಳಿದ ದ್ರವವನ್ನು ತೊಟ್ಟಿನ ಒಂದು ಅಂಶದಷ್ಟು ಹೊರಕ್ಕೆ ತೆಗೆದು ಪರೀಕ್ಷಿಸಿದರು. ಆ ದ್ರವದಲ್ಲಿ ಸಕ್ಕರೆಯಿತ್ತು. ಅದೇ ಕಪ್ಪೆಯ ಮೂತ್ರಾಶಯದೊಳಗಿನ ಮೂತ್ರದಲ್ಲಿ ಸಕ್ಕರೆಯಿರಲಿಲ್ಲ. ದಾರಿಯ ನಡುವೆ ಸಕ್ಕರೆಯನ್ನು ಯಾರೋ ಎತ್ತಿಕೊಂಡಿರಬೇಕು, ಎತ್ತಿಕೊಂಡುದು ನಾಳಿಕೆಯಲ್ಲದೆ ಬೇರೊಂದಲ್ಲ. ಪ್ರಯೋಗವೆಂದರೆ ಹೇಗಿರಬೇಕೆಂಬುದಕ್ಕೆ ವಿದ್ಯಾರ್ಥಿಗಳು ಇದಕ್ಕಿಂತ ಸುಂದರವಾದ ನಿದರ್ಶನವನ್ನು ಶರೀರಕ್ರಿಯಾಶಾಸ್ತ್ರದಲ್ಲಿ ಸುಲಭವಾಗಿ ಕಾಣರು. ಬೋಮನ್ನನ ಪಕ್ಷವೂ ಸಂಪೂರ್ಣವಾಗಿ ಸುಳ್ಳಾಗಲಿಲ್ಲ: ನಾಳಿಕೆಯ ಗೋಡೆಯು ಕೆಲವು ಆಮ್ಲಗಳನ್ನೂ, ಪೊಟ್ಯಾಸಿಯಮ್ಮನ್ನೂ, ಪೆನಿಸಿಲಿನ್‌ನಂತಹ ಔಷಧಗಳನ್ನೂ ರಕ್ತದಿಂದ ಎಳೆದು ಮೂತ್ರಕ್ಕೆ ಸ್ರವಿಸುವುದುಂಟು.

ಗುಚ್ಛದ ಲೋಮನಾಳಗಳಲ್ಲಿ ಒತ್ತಡವು ದೇಹದ ಇತರ ಲೋಮನಾಳಗಳಲ್ಲಿರುವುದಕ್ಕಿಂತ ಹೆಚ್ಚು. ಏಕೆಂದರೆ ರಕ್ತವನ್ನು ಒಳಗೆ ತರುವ ಕಿರುಧಮನಿಯಷ್ಟೇ ಅಲ್ಲದೆ ಹೊರಗೆ ಒಯ್ಯುವುದೂ ಒಂದು ಕಿರುಧಮನಿಯಾಗಿದ್ದು, ಎರಡನೆಯದು ಹೆಚ್ಚು ಬಿಗಿಯಾಗಿರುತ್ತದೆ. ಆ ಒತ್ತಡದಿಂದ ನೀರು, ಉಪ್ಪು, ಸಕ್ಕರೆ, ಅಮೈನೊ ಆಮ್ಲ, ಯೂರಿಯ ಎಲ್ಲವೂ ಒಟ್ಟಾಗಿ ಸಂಪುಟಕ್ಕೆ ಇಳಿಯುತ್ತವೆ; ರಕ್ತಕಣಗಳೂ ಆಲ್ಬುಮಿನ್‌ನಂತಹ ದೊಡ್ಡ ಪ್ರೋಟೀನುಗಳೂ ಹಿಂದೆ ಉಳಿಯುತ್ತವೆ. ಇಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ವಿವೇಚನೆಯೇ ನಡೆಯುವುದಿಲ್ಲ. ತೊಗರಿಬೇಳೆಗೆ ಹೆಸರಾದ ಈ ಸೀಮೆಯಲ್ಲಿ ತಾಯಂದಿರು ಬೇಳೆಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲನ್ನು ಆರಿಸಿ ಎಸೆಯುತ್ತಾರಷ್ಟೆ. ಮೂತ್ರಪಿಂಡದ ಕ್ರಮ ಇದಕ್ಕೆ ಪೂರ್ಣವಾಗಿ ವಿರುದ್ಧವಾದುದು. ಅದು ಬೇಳೆ ಕಲ್ಲುಗಳೆರಡನ್ನೂ ಕೂಡಿಯೇ ಚೆಲ್ಲಿ, ಬೇಳೆಯನ್ನು ಮಾತ್ರ ಕಾಳುಕಾಳಾಗಿ ಮರಳಿ ಎತ್ತಿಕೊಳ್ಳುತ್ತದೆ. ಹೀಗೇಕೆ ಎಂದರೆ, ದೇಹಕ್ಕೆ ಬೇಕಾದ ವಸ್ತುಗಳು ಪರಿಮಿತವಾದವು, ಗೊತ್ತಿರುವಂಥವು. ಬೇಡವಾದವುಗಳಾದರೋ ಲೆಕ್ಕವಿಲ್ಲದವು, ನಾಳೆ ಎಂತಹ ಹೊಸ ವಿಷ ಹೊಟ್ಟೆಗೆ ಬೀಳುವುದೆಂಬುದನ್ನು ಬಲ್ಲವರಿಲ್ಲ. ಬೇಕಾದುದನ್ನು ಗುರುತಿಸುವ ವ್ಯವಸ್ಥೆಯೊಂದಿದ್ದರೆ ಗುರುತಿಲ್ಲದುದೆಲ್ಲವೂ ತಾನಾಗಿಯೇ ಹೊರಗುಳಿಯುತ್ತದೆ.

ಎತ್ತಿಕೊಳ್ಳುವ ಕಾರ್ಯದ ಮೂರರಲ್ಲಿ ಎರಡು ಪಾಲು ನಾಳಿಕೆಯ ಮೊದಲ ಭಾಗದಲ್ಲಿಯೇ ಮುಗಿಯುತ್ತದೆ. ಅಲ್ಲಿಯ ಜೀವಕೋಶಗಳು ಮೈಟೊಕಾಂಡ್ರಿಯಗಳಿಂದ ಕಿಕ್ಕಿರಿದಿದ್ದು, ಸೋಡಿಯಮ್ಮನ್ನು ಶಕ್ತಿವ್ಯಯ ಮಾಡಿ ರಕ್ತದ ಕಡೆಗೆ ನೂಕುತ್ತವೆ. ಸೋಡಿಯಮ್ಮಿನ ಬೆನ್ನುಹಿಡಿದು ಸಕ್ಕರೆ, ಅಮೈನೊ ಆಮ್ಲ, ನೀರು ಸಾಗುತ್ತವೆ. ಸಕ್ಕರೆಯನ್ನು ಹೊರುವ ವಾಹಕಗಳ ಸಂಖ್ಯೆಗೆ ಮಿತಿಯುಂಟು. ರಕ್ತದಲ್ಲಿ ಸಕ್ಕರೆಯು ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ದಾಟಿದಾಗ ವಾಹಕಗಳಿಗೆ ಹೊರಲಾರದೆ ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ತನ್ನೊಡನೆ ನೀರನ್ನೂ ಎಳೆದೊಯ್ಯುತ್ತದೆ. ಮಧುಮೇಹಿಗೆ ಪದೇ ಪದೇ ಮೂತ್ರವಿಸರ್ಜನೆಯೂ ತಡೆಯಲಾಗದ ಬಾಯಾರಿಕೆಯೂ ಆಗುವುದಕ್ಕೆ ಕಾರಣವಿದೇ.

ಮುಂದಿನ ಭಾಗವಾದ ಹೆನ್ಲೆಯ ಕುಣಿಕೆಯು ನಮ್ಮ ಬರಸೀಮೆಯ ದೃಷ್ಟಿಯಿಂದ ಅತ್ಯಂತ ವಿಚಾರಾರ್ಹವಾದುದು. ತೊಗಟೆಯಿಂದ ಮಜ್ಜೆಯ ಆಳಕ್ಕೆ ಇಳಿದು, ತಿರುವಿಕೊಂಡು, ಮತ್ತೆ ತೊಗಟೆಗೆ ಏರುವ ಈ ನಾಳಿಕೆಯ ಏರುವ ಕಾಲು ಉಪ್ಪನ್ನು ಹೊರಕ್ಕೆ ನೂಕುತ್ತದೆ, ಆದರೆ ನೀರನ್ನು ಬಿಟ್ಟುಕೊಡುವುದಿಲ್ಲ. ಇಳಿಯುವ ಕಾಲು ನೀರನ್ನು ಬಿಟ್ಟುಕೊಡುತ್ತದೆ. ಎರಡು ಕಾಲುಗಳಲ್ಲಿ ದ್ರವವು ಎದುರುಬದುರಾಗಿ ಹರಿಯುವುದರಿಂದ, ಒಂದೊಂದು ಮಟ್ಟದಲ್ಲಿ ಉಂಟಾದ ಅಲ್ಪವಾದ ವ್ಯತ್ಯಾಸವು ಕೆಳಕೆಳಗೆ ಹೋದಂತೆ ಗುಣಿಸುತ್ತ ಹೋಗಿ, ತೊಗಟೆಯಲ್ಲಿ ಲೀಟರಿಗೆ 300 ಮಿಲಿಆಸ್ಮೋಲ್ (ಕರಗಿದ ಕಣಗಳ ಅಳತೆ) ಇದ್ದ ಸಾಂದ್ರತೆಯು ಮಜ್ಜೆಯ ತುದಿಯಲ್ಲಿ 1200ಕ್ಕೆ ಏರುತ್ತದೆ. ಪ್ರತಿಪ್ರವಾಹದ ಈ ತತ್ತ್ವವನ್ನು ಮೂತ್ರಪಿಂಡಕ್ಕೆ ಅನ್ವಯಿಸಿದವನು ವೈದ್ಯನಲ್ಲ, ವೆರ್ನರ್ ಕೂನ್ ಎಂಬ ಭೌತರಸಾಯನಶಾಸ್ತ್ರಜ್ಞ. 1942ರಲ್ಲಿ ಅವನು ಸೂಚಿಸಿದ ಈ ವಿಚಾರವನ್ನು ಶರೀರಶಾಸ್ತ್ರಜ್ಞರು ಒಪ್ಪಲು ಹಲವು ವರ್ಷಗಳು ಹಿಡಿದವು.

ಮಜ್ಜೆಯಲ್ಲಿ ಕೂಡಿಟ್ಟ ಆ ಉಪ್ಪಿನ ಪ್ರಯೋಜನ ಕೊನೆಯ ಸಂಗ್ರಾಹಕ ನಾಳದಲ್ಲಿ ತಿಳಿಯುತ್ತದೆ. ಅದು ಉಪ್ಪಿನ ಈ ಸೀಮೆಯೊಳಗಿಂದಲೇ ಹಾದುಹೋಗುತ್ತದೆ. ಬೆವರು ಸುರಿದು ರಕ್ತದ ಸಾಂದ್ರತೆಯು ನೂರಕ್ಕೆ ಒಂದು ಪಾಲಿನಷ್ಟು ಏರಿದರೂ ಮಿದುಳಿಗೆ ಅದರ ಅರಿವಾಗಿ, ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಅದರ ಆಜ್ಞೆಯಂತೆ ಸಂಗ್ರಾಹಕ ನಾಳದ ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ಪ್ರೋಟೀನಿನ ಜಲದ್ವಾರಗಳು ಬಂದು ನಿಲ್ಲುತ್ತವೆ. ಹೊರಗಿನ ಉಪ್ಪು ನೀರನ್ನು ಅಭಿಸರಣದಿಂದ ಸೆಳೆದುಕೊಳ್ಳುತ್ತದೆ. ನೀರು ಸಮೃದ್ಧವಾಗಿದ್ದರೆ ಹಾರ್ಮೋನು ನಿಲ್ಲುತ್ತದೆ, ದ್ವಾರಗಳು ಹಿಂದೆ ಸರಿಯುತ್ತವೆ, ತಿಳಿಯಾದ ಮೂತ್ರ ಧಾರಾಳವಾಗಿ ಹೋಗುತ್ತದೆ. ಅಕ್ವಾಪೊರಿನ್ನನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಒಂದು ಪಾಲು ಸಂದಿತು.

ಈ ಅದ್ಭುತಕ್ಕೂ ಒಂದು ಎಲ್ಲೆಯುಂಟು. ಸಾಮಾನ್ಯ ಆಹಾರವನ್ನು ಉಂಡವನ ದೇಹದಿಂದ ಪ್ರತಿದಿನವೂ ಹೊರಹೋಗಲೇಬೇಕಾದ ಯೂರಿಯ ಲವಣಾದಿಗಳು ಸುಮಾರು 600 ಮಿಲಿಆಸ್ಮೋಲ್. ಮನುಷ್ಯನ ಮೂತ್ರದ ಗರಿಷ್ಠ ಸಾಂದ್ರತೆ ಲೀಟರಿಗೆ 1200. ಭಾಗಿಸಿದರೆ ಅರ್ಧ ಲೀಟರು. ಒಂದು ಹನಿ ನೀರು ಕುಡಿಯದವನ ದೇಹವೂ ದಿನಕ್ಕೆ ಈ ಅರ್ಧ ಲೀಟರನ್ನು ಕೊಟ್ಟೇ ತೀರಬೇಕು. ನೀಳವಾದ ಕುಣಿಕೆಗಳುಳ್ಳ ಕೆಲವು ಮರುಭೂಮಿಯ ಇಲಿಗಳು ನೀರನ್ನೇ ಕುಡಿಯದೆ ಬದುಕುವುದುಂಟು. ನಮಗೆ ಆ ಭಾಗ್ಯವಿಲ್ಲ. ಮೂತ್ರಪಿಂಡವು ನೀರನ್ನು ಉಳಿಸಬಲ್ಲದು, ಸೃಷ್ಟಿಸಲಾರದು.

ಇದಲ್ಲದೆ ರಕ್ತದ ಆಮ್ಲತೆಯನ್ನು ಹದದಲ್ಲಿಡುವುದು, ರೆನಿನ್ ಎಂಬ ಕಿಣ್ವದ ಮೂಲಕ ರಕ್ತದ ಒತ್ತಡವನ್ನು ಕಾಯುವುದು, ಕೆಂಪುಕಣಗಳ ಉತ್ಪತ್ತಿಗೆ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಒದಗಿಸುವುದು, ಡಿ ಜೀವಸತ್ವವನ್ನು ಕ್ರಿಯಾಶೀಲಗೊಳಿಸುವುದು ಇದೇ ಅಂಗದ ಕೆಲಸಗಳು. ಮೂತ್ರಪಿಂಡ ಕೆಟ್ಟ ರೋಗಿಯಲ್ಲಿ ರಕ್ತಹೀನತೆಯೂ ಎಲುಬಿನ ದೌರ್ಬಲ್ಯವೂ ಕಾಣಿಸಿಕೊಳ್ಳುವುದು ಇದರಿಂದಲೇ.

ನೀರಿನ ಕೊರತೆಯೊಂದೇ ಈ ಅಂಗಕ್ಕೆ ಬರುವ ಆಪತ್ತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಔಸಾ, ಉಮರ್ಗಾ ತಾಲ್ಲೂಕುಗಳ ಊರೂರುಗಳನ್ನೇ ನೆಲಸಮ ಮಾಡಿದಾಗ, ಮಣ್ಣು ಕಲ್ಲುಗಳ ದಪ್ಪ ಗೋಡೆಗಳ ಕೆಳಗೆ ಸಾವಿರಾರು ಜನರು ಮಲಗಿದಲ್ಲಿಯೇ ಸಿಕ್ಕಿಕೊಂಡರು. ಹೀಗೆ ಭಾರದ ಕೆಳಗೆ ಕೈಕಾಲು ಜಜ್ಜಿಹೋದವನು ಜೀವಂತವಾಗಿ ಹೊರಬಂದು, ಮಾತನಾಡುತ್ತಿದ್ದು, ಕೆಲವು ದಿನಗಳಲ್ಲಿ ಮೂತ್ರ ಕಟ್ಟಿ ಸಾಯುವುದುಂಟೆಂಬುದನ್ನು 1941ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬಿದ್ದ ಕಾಲದಲ್ಲಿ, ಬೈವಾಟರ್ಸ್ ಮತ್ತು ಬೀಲ್ ಎಂಬವರು ವಿವರಿಸಿದರು. ಜಜ್ಜಿದ ಮಾಂಸಖಂಡದಿಂದ ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ ನಾಳಿಕೆಗಳನ್ನು ಹಾಳುಮಾಡುತ್ತದೆ. ಆದುದರಿಂದ ಅಂಥವನ ಮೇಲಿನ ಭಾರವನ್ನು ಎತ್ತುವುದಕ್ಕೆ ಮುಂಚೆಯೇ ರಕ್ತನಾಳಕ್ಕೆ ಸಲೈನು ಹರಿಸಲು ತೊಡಗಬೇಕೆಂಬುದು ಇಂದಿನ ವೈದ್ಯಕೀಯದ ನಿಯಮ. ಭೂಕಂಪವನ್ನು ಕಂಡ ನಾಡಿನ ಒಬ್ಬೊಬ್ಬ ಸ್ವಯಂಸೇವಕನೂ ಇದನ್ನು ತಿಳಿದಿರಬೇಕು.

ಸದ್ದಿಲ್ಲದೆ ಬರುವ ಆಪತ್ತು ಬೇರೆ. ಮೇ ತಿಂಗಳ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಹೊಲದ ಕೂಲಿಯ ಮೈಯಿಂದ ಗಂಟೆಗೆ ಒಂದು ಲೀಟರಿಗೂ ಮೀರಿ ಬೆವರು ಹೋಗುವುದುಂಟು. ದಿನದಿನವೂ ಅವನ ಮೂತ್ರವು ಗಾಢವಾಗಿಯೇ ಇದ್ದರೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಕಟ್ಟಲು ಅನುಕೂಲವಾಗುತ್ತದೆ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್, ನಿಕರಾಗುವಾ ದೇಶಗಳಲ್ಲಿ ಮಧುಮೇಹವಾಗಲಿ ರಕ್ತದೊತ್ತಡವಾಗಲಿ ಇಲ್ಲದ ತರುಣ ಕಬ್ಬು ಕಡಿಯುವವರ ಮೂತ್ರಪಿಂಡಗಳು ಕೆಟ್ಟುಹೋಗುತ್ತಿರುವುದನ್ನು ವೈದ್ಯರು ಗುರುತಿಸಿದ್ದಾರೆ. ಸುಡುಬಿಸಿಲಿನ ದುಡಿಮೆಯೂ ನಿರ್ಜಲೀಕರಣವೂ ಅದರ ಕಾರಣಗಳೊಳಗೆ ಮುಖ್ಯವೆಂದು ಎಣಿಸಲ್ಪಟ್ಟಿವೆ. ಮರಾಠವಾಡೆಯಿಂದಲೂ ಪ್ರತಿವರ್ಷ ಟೋಳಿ ಟೋಳಿಯಾಗಿ ಜನರು ಕಬ್ಬು ಕಡಿಯಲು ಹೊರಡುತ್ತಾರೆ. ಸಂಜೆ ಮೈಕೈ ನೋವೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಯು ಅಪಾಯವನ್ನು ಇಮ್ಮಡಿಸುತ್ತದೆ: ನೀರು ಬತ್ತಿದ ದೇಹದಲ್ಲಿ ಗುಚ್ಛಕ್ಕೆ ರಕ್ತ ತರುವ ಕಿರುಧಮನಿಯನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು, ಡೈಕ್ಲೊಫೆನ್ಯಾಕ್‌ನಂತಹ ಗುಳಿಗೆಗಳು ತಡೆಯುವುದು ಅದರ ಉತ್ಪತ್ತಿಯನ್ನೇ.

ಟೋಳಿಯ ಮುಕಾದಮರೂ ಹೊಲದೊಡೆಯರೂ ಬದುವಿನಲ್ಲಿ ಕುಡಿಯುವ ನೀರನ್ನೂ ನೆರಳನ್ನೂ ನಡುಹಗಲಿನ ವಿಶ್ರಾಂತಿಯನ್ನೂ ಕೂಲಿಯಷ್ಟೇ ಋಣವೆಂದು ಭಾವಿಸಿ ಸಲ್ಲಿಸಲಿ. ಶೌಚಾಲಯವಿಲ್ಲವೆಂದು ಹೆಣ್ಣುಮಕ್ಕಳು ದಿನವೆಲ್ಲ ನೀರು ಕುಡಿಯದೆ ಕೂರುವ ಶಾಲೆಗಳಿದ್ದರೆ ಅಲ್ಲಿಯ ಗುರುಗಳು ಮೊದಲು ಆ ಕೊರತೆಯನ್ನು ತೀರಿಸಲಿ. ಮೂತ್ರಪಿಂಡವು ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲವು ರಕ್ತದಲ್ಲಿ ಎದ್ದು ಕಾಣುವಂತೆ ಏರುವ ಹೊತ್ತಿಗೆ ಶೋಧನಶಕ್ತಿಯ ಅರ್ಧದಷ್ಟು ನಷ್ಟವಾಗಿರುವುದರಿಂದ, ಮಧುಮೇಹವೋ ರಕ್ತದೊತ್ತಡವೋ ಇರುವ ತಂದೆತಾಯಿಗಳನ್ನು ಈ ಲೇಖನವನ್ನು ಓದಿದ ವಿದ್ಯಾರ್ಥಿಯು ವರ್ಷಕ್ಕೊಮ್ಮೆ ದವಾಖಾನೆಗೆ ಕರೆದೊಯ್ದು, ಕ್ರಿಯಾಟಿನಿನ್ ಜೊತೆಗೆ ಮೂತ್ರದಲ್ಲಿಯ ಆಲ್ಬುಮಿನ್ನನ್ನೂ ತಪ್ಪದೆ ಪರೀಕ್ಷೆ ಮಾಡಿಸಲಿ.