ಹಿಮ್ಮಡಿಯ ಬೇನೆಯನ್ನು ಕಾಣುವ ಬಗೆ

ಹಾಸಿಗೆಯಿಂದೆದ್ದು ಮೊದಲ ಹೆಜ್ಜೆಯಿಡುವಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾದರೆ ನಾವು ದೂರುವುದು ಪಾದರಕ್ಷೆಯನ್ನು, ಇಲ್ಲವೆ ವಾಯುವನ್ನು. ಬಹುಮಂದಿಗೆ ಈ ನೋವು ಕಾಲಕ್ರಮದಲ್ಲಿ ತಾನಾಗಿಯೇ ಶಮನವಾಗುವುದು ನಿಜ. ಆದರೆ ಬೆನ್ನೆಲುಬನ್ನು ಬಿಗಿಯಿಸುವ ಸಂಧಿವಾತಕ್ಕಾಗಲಿ, ಸೋರಿಯಾಸಿಸ್ ಎಂಬ ಚರ್ಮರೋಗದೊಡನೆ ಬರುವ ಸಂಧಿವಾತಕ್ಕಾಗಲಿ ಗುರಿಯಾದವರಲ್ಲಿ ಹಿಮ್ಮಡಿಯೇ ರೋಗದ ಒಂದು ನೆಲೆಯಾಗಿರುವುದುಂಟು.

ಮೀನಖಂಡದ ಮಾಂಸವು ಕೆಳಗಿಳಿದು, ಹುರಿಗಟ್ಟಿ, ಹಿಮ್ಮಡಿಯ ಎಲುಬಿಗೆ ಹತ್ತಿಕೊಳ್ಳುತ್ತದೆ. ಪಾಶ್ಚಾತ್ಯರು ಈ ಹುರಿಗೆ ಗ್ರೀಕ್ ವೀರನಾದ ಅಕಿಲೀಸನ ಹೆಸರನ್ನಿಟ್ಟಿರುವರು. ಅದು ಎಲುಬನ್ನು ಕಚ್ಚಿಕೊಂಡಿರುವ ಠಾವಿನಲ್ಲಿಯೇ ಇಂತಹ ಸಂಧಿವಾತದ ಉರಿಯೂತವು ತಲೆದೋರುವುದು. ವೈದ್ಯರು ಬೆರಳಿನಿಂದ ಒತ್ತಿ “ನೋವಾಗುವುದೆ?” ಎಂದು ಕೇಳುವರು. ಆದರೆ ಬೆರಳನ್ನು ಎಷ್ಟರ ಮಟ್ಟಿಗೆ ನಂಬಬಹುದು? 2002ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಗ್ಲಾಸ್ಗೋ ನಗರದ ವೈದ್ಯರು 35 ಮಂದಿ ರೋಗಿಗಳ ಕಾಲುಗಳಲ್ಲಿ ಹುರಿಗಳು ಎಲುಬಿಗೆ ಸೇರುವ 348 ಸ್ಥಾನಗಳನ್ನು ನೋಡಿದರು. ಕೈಪರೀಕ್ಷೆಗೆ ದೋಷವು ಸಿಕ್ಕಿದ್ದು 75 ಸ್ಥಾನಗಳಲ್ಲಿ. ಅಲ್ಟ್ರಾಸೌಂಡ್ ಯಂತ್ರಕ್ಕೆ 195ರಲ್ಲಿ!

ಗರ್ಭಸ್ಥ ಶಿಶುವನ್ನು ನೋಡುವ ಯಂತ್ರವೇ ಇದು. ಕಿವಿಗೆ ಕೇಳಿಸದ ಧ್ವನಿಯನ್ನು ಒಳಗೆ ಕಳುಹಿಸಿ, ಮರುದನಿಯಿಂದ ಚಿತ್ರವನ್ನು ಬರೆಯುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಸವೆದ ಮೇಲೆ ತಾನೆ ಗುರುತು ಕಾಣುವುದು; ಇದರಲ್ಲಿಯಾದರೋ ಹುರಿಯು ಬಾತು ದಪ್ಪವಾದುದೂ, ಅದರ ಮುಂದಣ ಚೀಲದಲ್ಲಿ ನೀರು ನಿಂತುದೂ ಮೊದಲೇ ಕಾಣುವುವು. ಹಾಗೆಂದು ಕಂಡುದೆಲ್ಲವೂ ಉರಿಯೂತವಲ್ಲ. ವಯಸ್ಸಾದವರ, ಹೆಚ್ಚು ನಡೆಯುವವರ ಹಿಮ್ಮಡಿಯಲ್ಲಿ ಎಲುಬಿನ ಮೊಳೆಯಿದ್ದರೆ ಅದು ಬರಿಯ ಸವೆತವಾಗಿರಬಹುದು. ಆದುದರಿಂದ ರಕ್ತದ ಚಲನೆಯನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ವಿಧಾನವನ್ನೂ ಕೂಡಿಸುವರು. ಆರೋಗ್ಯವಾದ ಹುರಿಯ ಬುಡದಲ್ಲಿ ಈ ಬಣ್ಣವು ಕಾಣುವುದು ಅಪರೂಪ; ಉರಿಯೂತವಿದ್ದರೆ ಅಲ್ಲಿ ಕೆಂಪು ಚುಕ್ಕೆಗಳು ಮಿನುಗುವುವು.

ಇಲ್ಲಿ ಒಂದು ಸೂಕ್ಷ್ಮವುಂಟು. ಯಂತ್ರದ ಹಿಡಿಯನ್ನು ಬಲವಾಗಿ ಒತ್ತಿದರೆ ಎಳೆಯ ರಕ್ತನಾಳಗಳು ಮುಚ್ಚಿ ಬಣ್ಣವೇ ಮಾಯವಾಗುವುದು. ಪಾದವನ್ನು ಬಿಗಿದರೂ ಹಾಗೆಯೇ. ರೋಗಿಯು ಬೋರಲು ಮಲಗಿ, ಪಾದಗಳನ್ನು ಮಂಚದಂಚಿನಾಚೆಗೆ ಸಡಿಲವಾಗಿ ಇಳಿಬಿಡಬೇಕು. ಭಯದಿಂದಲೋ ವಿನಯದಿಂದಲೋ ಕಾಲು ಸೆಟೆಸಿದನೆಂದರೆ ಚಿತ್ರವು ಸುಳ್ಳು ಹೇಳುವುದು! ಯಂತ್ರಕ್ಕಿಂತಲೂ ಅದನ್ನು ಹಿಡಿದ ಕೈ ಮುಖ್ಯವೆಂದು ನಾವು ಹೇಳುವುದು ಇದರಿಂದಲೇ.

ಎಲುಬಿನೊಳಗಣ ಊತವನ್ನು ಮಾತ್ರ ಈ ಧ್ವನಿಯು ಮುಟ್ಟಲಾರದು; ಅದಕ್ಕೆ ಎಂ.ಆರ್.ಐ. ಬೇಕು, ವೆಚ್ಚವೂ ಹೆಚ್ಚು. ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹಿಮ್ಮಡಿಯಲ್ಲಿ ಉರಿಯೂತವಿರಬಹುದು. ಆದುದರಿಂದ ವೈದ್ಯರ ಬಳಿಗೆ ಹೋದಾಗ ಹಿಮ್ಮಡಿಯ ಮಾತೊಂದನ್ನೇ ಆಡದೆ, ಬೆಳಗಿನ ಹೊತ್ತು ಬೆನ್ನು ಅರ್ಧ ಗಂಟೆಗೂ ಮಿಕ್ಕಿ ಬಿಗಿದಿರುವುದೆ, ಮೈಮೇಲೆ ಹೊಪ್ಪಳೆಯೇಳುವ ಕಲೆಗಳಿವೆಯೆ, ಮನೆತನದಲ್ಲಿ ಯಾರಿಗಾದರೂ ಇಂತಹ ಬೇನೆಯಿದ್ದಿತೆ ಎಂಬುದನ್ನೂ ತಿಳಿಸತಕ್ಕದ್ದು.